ಡಿಫರೆನ್ಷಿಯಲ್ ಕಡೆ ಆಕ್ಸಲ್ ಶಾಫ್ಟ್ ಸಡಿಲ, ಹೊಸ ಸೀಲ್ ಹಾಕಿದರೂ ಆಯಿಲ್ ಜಿನುಗುತ್ತಿದೆ

ಕ್ಲಚ್_ಕೇಬಲ್ ಕೇಳಿದ್ದು:

ಫ್ರಂಟ್ ವೀಲ್ ಡ್ರೈವ್, ಮ್ಯಾನ್ಯುಯಲ್ ಗೇರ್‌ಬಾಕ್ಸ್, 1,40,000 ಕಿ.ಮೀ. ಓಡಿದ ಕಾರು. ಎಡಗಡೆ ಶಾಫ್ಟ್ ಗೇರ್‌ಬಾಕ್ಸಿನೊಳಕ್ಕೆ ಹೋಗುವ ಜಾಗದಲ್ಲಿ ಆಯಿಲ್ ಸೋರುತ್ತಿತ್ತು. ಸೀಲ್ (ಆಯಿಲ್ ತಡೆಯುವ ರಬ್ಬರ್ ತುಟಿಯ ಬಳೆ) ಬದಲಾಯಿಸಿ ಮೂರು ವಾರವಾಗಿದೆ, ಅದೇ ಜಾಗ ಮತ್ತೆ ಒದ್ದೆ. ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ನೋಡಿದಾಗ ಕಂಡದ್ದು:

ಶಾಫ್ಟ್ ಹಿಡಿದು ಒಳಗೆ ಹೊರಗೆ ಎಳೆದರೆ ಸುಮಾರು ಒಂದೂವರೆ ಸೆಂಟಿಮೀಟರ್ ಸರಿಯುತ್ತದೆ. ಗೇರ್‌ಬಾಕ್ಸ್ ಬುಡದಲ್ಲಿ ಮೇಲೆ ಕೆಳಗೆ ಅಲುಗಿಸಿದರೆ ಅಂದಾಜು 1 ಮಿ.ಮೀ. ಆಡುತ್ತದೆ, ಬಲಗಡೆ ಇಷ್ಟಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಕೆಳಗೆಲ್ಲೋ "ಟಕ್" ಎನ್ನುತ್ತದೆ.

ಒಳಗಿನ ಸರ್ಕ್ಲಿಪ್ (ಶಾಫ್ಟ್ ಹೊರಜಾರದಂತೆ ಹಿಡಿಯುವ ತಂತಿಯ ಬಳೆ) ಸರಿಯಾಗಿ ಕೂತಿಲ್ಲವೇ, ಇಲ್ಲ ಡಿಫರೆನ್ಷಿಯಲ್ಲೇ (ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳು) ಸವೆದಿದೆಯೇ? ಗೇರ್‌ಬಾಕ್ಸ್ ಇಳಿಸದೆ ಇದನ್ನು ಪತ್ತೆ ಮಾಡುವ ದಾರಿ ಇದೆಯೇ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?

---

ಸೈಡ್_ಗೇರ್:

ನೀವು ಬರೆದಿರುವ ಮೂರೂ ಲಕ್ಷಣಗಳಿಗೆ ಒಂದೇ ಕಾರಣ ಇರಬೇಕೆಂದಿಲ್ಲ. ಮೂರನ್ನೂ ಬೇರೆ ಬೇರೆಯಾಗಿ ನೋಡಿ.

ಮೊದಲನೆಯದಾಗಿ, ಒಂದೂವರೆ ಸೆಂಟಿಮೀಟರ್ ಸರಿಯುವುದು ದೋಷವೇ ಅಲ್ಲ. ನೀವು ಹಿಡಿದಿರುವುದು ನಡುವಿನ ಶಾಫ್ಟನ್ನು. ಒಳಗಡೆಯ ಜಾಯಿಂಟ್ ಟ್ರೈಪಾಡ್ ಮಾದರಿಯದು. ಸಸ್ಪೆನ್ಷನ್ ಏರಿಳಿಯುವಾಗ ಚಕ್ರಕ್ಕೂ ಗೇರ್‌ಬಾಕ್ಸಿಗೂ ನಡುವಿನ ದೂರ ಬದಲಾಗುತ್ತಲೇ ಇರುತ್ತದೆ, ಆ ವ್ಯತ್ಯಾಸ ನುಂಗಲೆಂದೇ ಮೂರು ರೋಲರ್‌ಗಳು ಕಪ್‌ನೊಳಗೆ ಜಾರುತ್ತವೆ. ಸರ್ಕ್ಲಿಪ್ ಹಿಡಿದಿಡುವುದು ಕಪ್ಪನ್ನು. ಹಾಗಾಗಿ ರಬ್ಬರ್ ಬೂಟಿನಿಂದ ಆಚೆ, ಗೇರ್‌ಬಾಕ್ಸಿಗೆ ಅಂಟಿಕೊಂಡಂತಿರುವ ಲೋಹದ ಕಪ್ ಹಿಡಿದು ಎಳೆಯಿರಿ. ಅದು 1ರಿಂದ 3 ಮಿ.ಮೀ. ಸರಿದು ಗಟ್ಟಿಯಾಗಿ ತಡೆದು ನಿಂತರೆ ಕ್ಲಿಪ್ ಕೂತಿದೆ ಎಂದರ್ಥ. ಟೊಯೋಟಾದ ಕೆಲವು ಗಾಡಿಗಳ ಮ್ಯಾನ್ಯುಯಲ್‌ನಲ್ಲಿ ಕಪ್ ಕೂರಿಸಿದ ಮೇಲೆ 2ರಿಂದ 3 ಮಿ.ಮೀ. ಪ್ಲೇ ಇರಬೇಕು, ಕೈಯಿಂದ ಎಳೆದರೆ ಹೊರಬರಬಾರದು ಎಂದೇ ಬರೆದಿರುತ್ತದೆ. ತಡೆಯೇ ಸಿಗದೆ ಕಪ್ ಸರಿಯುತ್ತಾ ಬಂದರೆ ಕ್ಲಿಪ್ ಮುರಿದಿದೆ, ಕಿರಿದಾಗಿದೆ, ಇಲ್ಲವೇ ಸೀಲ್ ಹಾಕಿದವರು ಶಾಫ್ಟನ್ನು ಪೂರ್ತಿ ಒಳಕ್ಕೆ ಕೂರಿಸಿಲ್ಲ.

ಎರಡನೆಯದು ಮೇಲೆ ಕೆಳಗೆ ಆಡುವುದು. ಇದನ್ನೂ ಕಪ್ ಹಿಡಿದೇ ನೋಡಬೇಕು. ಸ್ವಲ್ಪ ಆಟ ಇರುವುದು ಸಹಜ, ಯಾಕೆಂದರೆ ಬಹಳಷ್ಟು ಡಿಫರೆನ್ಷಿಯಲ್‌ಗಳಲ್ಲಿ ಸೈಡ್ ಗೇರಿಗೆ (ಶಾಫ್ಟನ್ನು ತಿರುಗಿಸುವ ಒಳಗಿನ ಗೇರು) ಬೇರಿಂಗ್ ಇರುವುದಿಲ್ಲ. ಡಿಫ್ ಕೇಸಿನಲ್ಲಿ (ಡಿಫರೆನ್ಷಿಯಲ್ ಗೇರುಗಳನ್ನು ಹೊತ್ತು ತಿರುಗುವ ಕವಚ) ಕೊರೆದ ರಂಧ್ರದಲ್ಲಿ ಆಯಿಲ್ ಪದರದ ಮೇಲೆ ಅದು ತಿರುಗುತ್ತದೆ, ಅದರ ಹಲ್ಲಿನೊಳಗೆ ನಿಮ್ಮ ಶಾಫ್ಟಿನ ತುದಿ ಕೂತಿರುತ್ತದೆ. ನಿಂತ ಗಾಡಿಯಲ್ಲಿ ಭಾರವಿಲ್ಲದೆ ಅಲುಗಿಸಿದರೆ ಆ ಸಂದುಗಳೆಲ್ಲ ಸೇರಿ ಕೈಗೆ ಗೊತ್ತಾಗುತ್ತವೆ. ಆದರೆ ಬಲಗಡೆಗಿಂತ ಎಡಗಡೆ ಎದ್ದು ಕಾಣುವಷ್ಟು ಹೆಚ್ಚಿದ್ದರೆ, ಅದರ ಜೊತೆ ಹೊಸ ಸೀಲ್ ಕೂಡ ಸೋರಿದ್ದರೆ, ಅದನ್ನು ಸಹಜ ಎನ್ನಲಾಗದು. ಸೀಲಿನ ತುಟಿ ಮಿಲಿಮೀಟರಿನ ಕೆಲವೇ ದಶಾಂಶದ ಓಲಾಟ ತಾಳುತ್ತದೆ. ಶಾಫ್ಟ್ ಅದಕ್ಕಿಂತ ಹೆಚ್ಚು ಆಡಿದರೆ ಎಂಥ ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ. ಮತ್ತೆ ಮತ್ತೆ ಸೀಲ್ ಬದಲಿಸುವ ಬಹುತೇಕ ಗಾಡಿಗಳಲ್ಲಿ ತಪ್ಪು ಸೀಲಿನದ್ದಲ್ಲ, ಅದರ ಮಧ್ಯೆ ತಿರುಗುವ ಶಾಫ್ಟಿನದ್ದು.

ಮೂರನೆಯದು "ಟಕ್". ಹಿಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಗಾಡಿ ಒಂದನೇ ಗೇರಿನಲ್ಲಿರಲಿ, ಬಲಚಕ್ರ ನೆಲದ ಮೇಲಿರಲಿ, ಎಡಚಕ್ರ ಮಾತ್ರ ಗಾಳಿಯಲ್ಲಿರಲಿ. ಎಡಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತಿರುಗಿಸುತ್ತಾ ಕಪ್ಪಿನ ಮೇಲೆ ಕಣ್ಣಿಡಿ. ಶಾಫ್ಟ್ ತಿರುಗಿ ಕಪ್ ತಡವಾಗಿ ಹಿಂಬಾಲಿಸಿದರೆ ಟ್ರೈಪಾಡ್ ಸವೆದಿದೆ. ಎರಡೂ ಒಟ್ಟಿಗೇ ತಿರುಗಿ ಒಳಗೆ ಸದ್ದಾದರೆ ಡಿಫ್ ಗೇರುಗಳ ಸಂದು, ಫೈನಲ್ ಡ್ರೈವ್ ಸಂದು, ಗೇರ್‌ಬಾಕ್ಸಿನ ಸಂದು ಎಲ್ಲ ಕೂಡಿ ಬರುತ್ತಿದೆ. ಇಂಜಿನ್ ಮೌಂಟ್ ಕುಸಿದಿದ್ದರೂ ಇದೇ ಸದ್ದು ಬರುತ್ತದೆ, ಅದನ್ನು ಮರೆಯಬೇಡಿ.

ಓಡಿಸುವ ಬಗ್ಗೆ: ಕಪ್ ಕೈಯಿಂದಲೇ ಎಳೆದಾಗ ತಡೆಯಿಲ್ಲದೆ ಬಂದರೆ ಓಡಿಸಲೇಬೇಡಿ. ಶಾಫ್ಟ್ ಕಳಚಿದರೆ ಓಪನ್ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಆ ಖಾಲಿ ಬದಿಗೇ ಸುರಿಯುತ್ತದೆ, ಇಂಜಿನ್ ಎಷ್ಟು ಕೂಗಿದರೂ ಗಾಡಿ ಕದಲುವುದಿಲ್ಲ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಗೇರ್ ಹಾಕಿ ನಿಲ್ಲಿಸಿದರೂ, ಆಟೋಮ್ಯಾಟಿಕ್‌ನಲ್ಲಿ "ಪಿ"ಯಲ್ಲಿಟ್ಟರೂ ಗಾಡಿ ಇಳಿಜಾರಿನಲ್ಲಿ ಉರುಳುತ್ತದೆ. ಗೇರ್ ಆಗಲಿ ಪಾರ್ಕಿಂಗ್ ಕೊಕ್ಕೆಯಾಗಲಿ ಹಿಡಿಯುವುದು ಡಿಫ್ ಕೇಸನ್ನು. ಒಂದು ಬದಿ ಬಿಡುವಾಗಿದ್ದರೆ ಇನ್ನೊಂದು ಬದಿಯ ಚಕ್ರ ಸರಾಗವಾಗಿ ತಿರುಗುತ್ತದೆ. ಆಗ ಹ್ಯಾಂಡ್‌ಬ್ರೇಕ್ ಒಂದೇ ಗತಿ.

---

ಕ್ಲಚ್_ಕೇಬಲ್:

ಕಪ್ ಹಿಡಿದು ನೋಡಿದೆ. ಒಳಗೆ ಹೊರಗೆ 2 ಮಿ.ಮೀ. ಇರಬಹುದು, ಗಟ್ಟಿ ತಡೆ ಸಿಗುತ್ತದೆ. ಮೇಲೆ ಕೆಳಗಿನ ಆಟ ಹಾಗೇ ಇದೆ. ಹೇಗೂ ಶಾಫ್ಟ್ ಬಿಚ್ಚಬೇಕು. ಆಗ ಹಳೆ ಕ್ಲಿಪ್ಪನ್ನೇ ಸ್ವಲ್ಪ ಹಿಗ್ಗಿಸಿ ಮತ್ತೆ ಹಾಕಿದರೆ ನಡೆಯುತ್ತದೆಯೇ?

---

ಹದಿನಾಲ್ಕರ_ಸ್ಪ್ಯಾನರ್:

ಬೇಡ ಸರ್. ಕ್ಲಿಪ್ ಸ್ಪ್ರಿಂಗ್ ತಂತಿ. ಒಮ್ಮೆ ಎಳೆದು ಹೊರತೆಗೆದಾಗ ಅದು ಹಿಸುಕಿಕೊಂಡೇ ಬಂದಿರುತ್ತದೆ. ಇಕ್ಕಳದಲ್ಲಿ ಹಿಗ್ಗಿಸಿದರೆ ದುಂಡಗಿನ ಆಕಾರ ಹೋಗಿ ಒಂದು ಕಡೆ ಮಾತ್ರ ಉಬ್ಬುತ್ತದೆ. ಆಮೇಲೆ ಎರಡರಲ್ಲೊಂದು ಆಗುತ್ತದೆ: ಶಾಫ್ಟ್ ಒಳಕ್ಕೇ ಹೋಗುವುದಿಲ್ಲ, ಅಥವಾ ಹೋಗಿ ಸೈಡ್ ಗೇರಿನ ತೋಡಿನಲ್ಲಿ ಅರ್ಧ ಸುತ್ತು ಮಾತ್ರ ಹಿಡಿಯುತ್ತದೆ. ಪ್ರತಿ ಸಲ ಹೊಸದು ಹಾಕಿ, ತಂತಿಯ ದಪ್ಪ ಹಳೆಯದಕ್ಕೆ ಹೊಂದುತ್ತದೆಯೇ ನೋಡಿಕೊಂಡು ತನ್ನಿ.

ಬಿಚ್ಚುವ ಕ್ರಮ ಹೇಳುತ್ತೇನೆ, ನಿಮ್ಮ ಗಾಡಿಯ ಟಾರ್ಕ್ ಅಳತೆಗಳನ್ನು ಮ್ಯಾನ್ಯುಯಲ್‌ನಿಂದ ಬರೆದಿಟ್ಟುಕೊಳ್ಳಿ. ಹಬ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಗೇರ್ ಆಯಿಲ್ ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಲು ಬರುತ್ತದೆಯೇ ಖಚಿತ ಮಾಡಿಕೊಳ್ಳಿ, ಆಯಿಲ್ ಪೂರ್ತಿ ಇಳಿದ ಮೇಲೆ ಆ ಪ್ಲಗ್ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಇಳಿದ ಆಯಿಲ್ ಅಳೆಯಿರಿ, ಎಷ್ಟು ಸೋರಿ ಹೋಗಿದೆ ಎಂದು ತಿಳಿಯುತ್ತದೆ. ಬಾಲ್ ಜಾಯಿಂಟ್ ಬಿಡಿಸಿ, ಸ್ಟೀರಿಂಗ್ ನಕಲ್ (ಹಬ್ ಹಿಡಿದಿರುವ ಲೋಹದ ಭಾಗ) ಹೊರಕ್ಕೆ ತಿರುಗಿಸಿ ಹಬ್ಬಿನಿಂದ ಶಾಫ್ಟ್ ಎಳೆದುಕೊಳ್ಳಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಎರಡೂ ಬಿಗಿಯಾಗದಂತೆ ನೋಡಿಕೊಳ್ಳಿ.

ಒಳತುದಿಯನ್ನು ಕಪ್ಪಿಗೇ ಲಿವರ್ ಕೊಟ್ಟು ಮೀಟಬೇಕು. ಶಾಫ್ಟ್ ಹಿಡಿದು ಜಗ್ಗಿದರೆ ಟ್ರೈಪಾಡ್ ಬೂಟಿನೊಳಗೇ ಕಳಚಿ ರೋಲರ್‌ಗಳು ಉದುರುತ್ತವೆ, ಕಪ್ ಮಾತ್ರ ಅಲ್ಲೇ ಕೂತಿರುತ್ತದೆ. ಗೇರ್‌ಬಾಕ್ಸ್ ಕವಚ ಅಲ್ಯೂಮಿನಿಯಂ, ಲಿವರಿನ ಕೆಳಗೆ ಮರದ ತುಂಡು ಇಡಿ. ನಿಧಾನವಾಗಿ ಒತ್ತುವುದಕ್ಕಿಂತ ಒಂದು ಚುರುಕಾದ ಏಟಿಗೆ ಕ್ಲಿಪ್ ಬೇಗ ಬಿಡುತ್ತದೆ. ಎರಡೂ ಕಡೆ ಬಿಚ್ಚುವುದಾದರೆ ಒಂದು ಬದಿಯಲ್ಲಿ ಹಳೆ ಕಪ್ಪನ್ನೋ ಆ ಅಳತೆಯ ದಿಂಡನ್ನೋ ತೂರಿಸಿಟ್ಟಿರಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎರಡು ಶಾಫ್ಟೂ ಇಲ್ಲದಿದ್ದರೆ ಸೈಡ್ ಗೇರ್ ಜಾಗ ತಪ್ಪಿ ಒಳಗೆ ಬೀಳುತ್ತದೆ, ಆಮೇಲೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ.

ಹೊಸ ಕ್ಲಿಪ್ ಹಾಕುವಾಗ ಒಂದು ತುದಿಯನ್ನು ತೋಡಿನಲ್ಲಿ ಕೂರಿಸಿ ಉಳಿದದ್ದನ್ನು ಸುತ್ತುತ್ತಾ ಹೋಗಿ, ಇಕ್ಕಳದಲ್ಲಿ ಪೂರ್ತಿ ಅಗಲಿಸಬೇಡಿ. ಕೂತ ಮೇಲೆ ಬೆರಳಲ್ಲಿ ಒತ್ತಿದರೆ ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದ ಹಲ್ಲುಗಳು) ಮಟ್ಟಕ್ಕಿಂತ ಕೆಳಗೆ ಇಳಿಯಬೇಕು, ಬಿಟ್ಟರೆ ಮೇಲೇಳಬೇಕು. ತೋಡಿನಲ್ಲಿ ಸ್ವಲ್ಪ ಗ್ರೀಸ್ ತುಂಬಿದರೆ ಕ್ಲಿಪ್ ಒಂದೇ ಕಡೆ ಜೋತು ಬೀಳದೆ ನಡುವೆ ನಿಲ್ಲುತ್ತದೆ. ಕ್ಲಿಪ್ಪಿನ ಬಾಯಿ ಯಾವ ಕಡೆಗಿರಬೇಕು ಎಂಬುದಕ್ಕೆ ಕಂಪನಿಯ ಸೂಚನೆ ಇರುತ್ತದೆ, ಟೊಯೋಟಾದಲ್ಲಿ ಬಾಯಿ ಕೆಳಗೆ.

ತೂರಿಸುವಾಗ ಶಾಫ್ಟಿನ ತೂಕ ಸೀಲಿನ ತುಟಿಯ ಮೇಲೆ ಬೀಳಬಾರದು, ಒಬ್ಬರು ಮಟ್ಟವಾಗಿ ಎತ್ತಿ ಹಿಡಿದಿರಲಿ. ಸ್ಪ್ಲೈನಿನ ಚೂಪು ಅಂಚು ತುಟಿಗೆ ತಾಗಿ ಗೀರಿದರೆ ಸೀಲ್ ಅವತ್ತೇ ಹಾಳು. ಹಲ್ಲು ಹೊಂದುವವರೆಗೆ ಮೆಲ್ಲಗೆ ತಿರುಗಿಸಿ, ಆಮೇಲೆ ಒಮ್ಮೆಲೇ ದೂಡಿ. ಆಗದಿದ್ದರೆ ಹೊರತುದಿಗೆ ಹಳೆ ನಟ್ ಸಮಮಟ್ಟಕ್ಕೆ ತಿರುಗಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿ. "ಟಪ್" ಎಂದು ಕೂತದ್ದು ಕೈಗೇ ಗೊತ್ತಾಗುತ್ತದೆ. ಸದ್ದನ್ನಷ್ಟೇ ನಂಬಬೇಡಿ, ಕಪ್ ಹಿಡಿದು ಎಳೆದು ನೋಡಿ.

ಹಬ್ ನಟ್ ಬಿಗಿಯಾಗುವವರೆಗೆ ಗಾಡಿಯ ಭಾರ ಆ ಚಕ್ರದ ಮೇಲೆ ಬೀಳಬಾರದು, ಹಬ್ ಬೇರಿಂಗ್ ಹಾಳಾಗುತ್ತದೆ. ಅಂಚು ತಟ್ಟಿ ಲಾಕ್ ಮಾಡುವ ನಟ್ ಆದರೆ ಹೊಸದೇ ಹಾಕಿ.

---

ಟ್ಯಾಪರ್_ರೋಲರ್:

ಕ್ಲಿಪ್ ಕೂತಿದ್ದೂ ಮೇಲೆ ಕೆಳಗಿನ ಆಟ ಹೆಚ್ಚಿದೆ ಎಂದರೆ ಸವೆತ ಎಲ್ಲಿ ಎಂಬುದೇ ಪ್ರಶ್ನೆ. ಶಾಫ್ಟ್ ಕೈಗೆ ಬಂದ ಮೇಲೆ ಇವನ್ನು ನೋಡಿ.

ಕಪ್ಪಿನಿಂದ ಹೊರಟ ಗಿಡ್ಡ ದಂಡದ ಮೇಲೆ, ಸ್ಪ್ಲೈನ್ ಮತ್ತು ಕಪ್ಪಿನ ನಡುವೆ, ನಯವಾದ ದುಂಡು ಪಟ್ಟಿ ಇರುತ್ತದೆ. ಸೀಲಿನ ತುಟಿ ಅಲ್ಲೇ ಉಜ್ಜುವುದು. ಹಲವು ಗೇರ್‌ಬಾಕ್ಸ್‌ಗಳಲ್ಲಿ ಅದೇ ಪಟ್ಟಿಯ ಒಳಭಾಗ ಡಿಫ್ ಕೇಸಿನ ಕತ್ತಿನಲ್ಲೋ ಸೀಲಿನ ಹಿಂದಿನ ಕಂಚಿನ ಬುಶ್‌ನಲ್ಲೋ ಆತುಕೊಂಡು ತಿರುಗುತ್ತದೆ. ಉಗುರಿನಿಂದ ಗೀರಿ ನೋಡಿ, ಉಗುರು ಸಿಕ್ಕಿಬೀಳುವಷ್ಟು ತೋಡು ಬಿದ್ದಿದ್ದರೆ ಸೀಲ್ ನಿಲ್ಲುವುದಿಲ್ಲ. ಮೈಕ್ರೋಮೀಟರ್ ಇದ್ದರೆ ಉಜ್ಜದ ಜಾಗದ ವ್ಯಾಸ, ಉಜ್ಜಿದ ಜಾಗದ ವ್ಯಾಸ ಎರಡೂ ಅಳೆಯಿರಿ. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆದರೆ ಅಂಡಾಕಾರಕ್ಕೆ ಸವೆದಿದೆಯೇ ಎಂಬುದೂ ತಿಳಿಯುತ್ತದೆ.

ಗೇರ್‌ಬಾಕ್ಸ್ ಇಳಿಸದೆ ತೀರ್ಮಾನಕ್ಕೆ ಬರುವ ಉಪಾಯ ಇದು. ಡಯಲ್ ಗೇಜನ್ನು ಗೇರ್‌ಬಾಕ್ಸ್ ಕವಚಕ್ಕೆ ಕಟ್ಟಿ, ಮುಳ್ಳನ್ನು ಸೀಲಿನ ಪಕ್ಕದಲ್ಲೇ ಕಪ್ಪಿನ ಮೇಲಿಟ್ಟು ಆಟ ಬರೆದುಕೊಳ್ಳಿ. ಕವಚ ಅಲ್ಯೂಮಿನಿಯಂ ಆದ್ದರಿಂದ ಮ್ಯಾಗ್ನೆಟ್ ಬುಡ ಅಂಟುವುದಿಲ್ಲ, ಬೋಲ್ಟಿಗೆ ಪಟ್ಟಿ ಸಿಕ್ಕಿಸಿ. ಆಮೇಲೆ ಹೊಸ ಕಪ್ಪನ್ನು ಕ್ಲಿಪ್ ಇಲ್ಲದೆ ತೂರಿಸಿ ಮತ್ತೆ ಅಳೆಯಿರಿ. ಆಟ ಬಲಗಡೆಯ ಮಟ್ಟಕ್ಕೆ ಇಳಿದರೆ ಸವೆದದ್ದು ಶಾಫ್ಟ್. ಇಳಿಯದಿದ್ದರೆ ಬುಶ್ ಅಥವಾ ಡಿಫ್ ಕೇಸಿನ ರಂಧ್ರ ಹಿಗ್ಗಿದೆ. ಬುಶ್ ಮಾತ್ರ ಆದರೆ ಕೆಲವು ಮಾದರಿಗಳಲ್ಲಿ ಹೊರಗಿನಿಂದಲೇ ಎಳೆದು ಹೊಸದು ಹಾಕಬಹುದು, ರಂಧ್ರವೇ ಹಿಗ್ಗಿದ್ದರೆ ಗೇರ್‌ಬಾಕ್ಸ್ ತೆರೆಯಲೇಬೇಕು.

ಕಪ್ಪಿನ ಜೊತೆ ಒಳಗೆ ಇಡೀ ಡಿಫ್ ಅಲುಗಿದಂತೆ ಅನಿಸಿದರೆ, ಎರಡೂ ಕಡೆ ಒಂದೇ ಥರ ಆಡಿದರೆ, ಕ್ಯಾರಿಯರ್ ಬೇರಿಂಗಿನ (ಡಿಫ್ ಕೇಸನ್ನು ಹೊತ್ತ ಬೇರಿಂಗ್) ಪ್ರೀಲೋಡ್, ಅಂದರೆ ಜೋಡಿಸುವಾಗ ಕೊಟ್ಟ ಬಿಗಿತ, ಹೋಗಿದೆ. ಆಗ ವೇಗದ ಜೊತೆ ಏರುವ ಗುಂಯ್ ಸದ್ದೂ ಇರುತ್ತದೆ. ಇದನ್ನು ಮುಂದೂಡಬಾರದು, ಕ್ರೌನ್ ವೀಲ್ (ಡಿಫ್ ಕೇಸಿಗೆ ಕಟ್ಟಿದ ದೊಡ್ಡ ಗೇರು) ಹಲ್ಲು ತಪ್ಪು ಜಾಗದಲ್ಲಿ ಕಚ್ಚಲು ಶುರುವಾಗುತ್ತದೆ.

ಡ್ರೇನ್ ಪ್ಲಗ್ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣುಪು ಕೆಸರು ಸಹಜ. ಚಕ್ಕೆ, ಮುಳ್ಳಿನಂಥ ಚೂರು, ಪಿನ್ನಿನ ತುಂಡು ಇದ್ದರೆ ಸ್ಪೈಡರ್ ಗೇರಿನ (ಎರಡು ಸೈಡ್ ಗೇರುಗಳ ನಡುವಿನ ಸಣ್ಣ ಗೇರು) ಅಡ್ಡ ಪಿನ್ ಬಗ್ಗೆ ಯೋಚಿಸಿ. ಒಂದು ಚಕ್ರ ಕೆಸರಲ್ಲಿ ಸಿಕ್ಕಿ ಬಹಳ ಹೊತ್ತು ಜೋರಾಗಿ ತಿರುಗಿದರೆ ಸ್ಪೈಡರ್ ಗೇರ್ ಆ ಪಿನ್ ಮೇಲೆ ಒಣಗಿ ಕಚ್ಚುತ್ತದೆ, ಲಾಕ್ ಪಿನ್ ತುಂಡಾಗುತ್ತದೆ. ಅಡ್ಡ ಪಿನ್ ಹೊರಜಾರಿದರೆ ಗೇರ್‌ಬಾಕ್ಸ್ ಕವಚವನ್ನೇ ಒಡೆದು ಬರುತ್ತದೆ. ಸೈಡ್ ಗೇರಿನ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದು) ಬಹಳ ಗಾಡಿಗಳಲ್ಲಿ 0.05ರಿಂದ 0.20 ಮಿ.ಮೀ. ಒಳಗಿರಬೇಕು, ಥ್ರಸ್ಟ್ ವಾಷರ್ ದಪ್ಪ ಬದಲಿಸಿ ಅದನ್ನು ಹೊಂದಿಸುತ್ತಾರೆ.

ಉದ್ದನೆಯ ಶಾಫ್ಟ್ ಇರುವ ಬದಿಯಲ್ಲಿ ಇಂಜಿನ್ ಬ್ಲಾಕಿಗೆ ಕಟ್ಟಿದ ನಡು ಬೇರಿಂಗ್ ಇರುವ ಗಾಡಿಗಳೂ ಇವೆ. ಅಂಥ ಬದಿಯಲ್ಲಿ ಆಟ ಕಂಡರೆ ಮೊದಲು ಆ ಬೇರಿಂಗ್ ನೋಡಿ, ಡಿಫ್ ಆಮೇಲೆ.

---

ಬೂಟ್_ಕ್ಲ್ಯಾಂಪ್:

ಒಂದು ಸೇರಿಕೆ. ರೆನೋದ ಕೆಲವು ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳಲ್ಲಿ ಎಡಗಡೆ ಕಪ್ಪೂ ಇಲ್ಲ, ಕ್ಲಿಪ್ಪೂ ಇಲ್ಲ. ಟ್ರೈಪಾಡ್ ನೇರವಾಗಿ ಡಿಫ್ ಒಳಗೇ ಕೂತಿರುತ್ತದೆ, ಬೂಟನ್ನು ಒಂದು ತಟ್ಟೆ ಮತ್ತು ಮೂರು ಬೋಲ್ಟುಗಳು ಗೇರ್‌ಬಾಕ್ಸಿಗೆ ಹಿಡಿದಿರುತ್ತವೆ. ಅಲ್ಲಿ ಶಾಫ್ಟ್ ಸುಲಭವಾಗಿ ಸರಿಯುವುದು ಸಹಜ, ಆಯಿಲ್ ಸೋರಿದರೆ ನೋಡಬೇಕಾದದ್ದು ಆ ಬೂಟು ಮತ್ತು ಅದರ ಬೇರಿಂಗ್. ಕ್ಲಿಪ್ ಹುಡುಕುತ್ತಾ ಮೀಟಬೇಡಿ.

ಇನ್ನು ಕ್ಲಿಪ್ ಸರಿಯಿದ್ದೂ ಶಾಫ್ಟ್ ಪದೇ ಪದೇ ಕಳಚುವ ಗಾಡಿಗಳಲ್ಲಿ ಮೂರು ವಿಷಯ ನೋಡಿ. ಶಾಫ್ಟ್ ಉದ್ದ: ಹಲ್ಲಿನ ಎಣಿಕೆ ಒಂದೇ ಇದ್ದು ಉದ್ದ ಬೇರೆ ಇರುವ ಶಾಫ್ಟುಗಳಿವೆ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಮಲಗಿಸಿ ಅಳೆಯಿರಿ. ಇಂಜಿನ್ ಮೌಂಟ್: ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಸರಿದಿದ್ದರೆ ಟ್ರೈಪಾಡ್ ಜಾರಲು ಇರುವ ಜಾಗ ಮುಗಿದು ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಶಾಫ್ಟ್ ಕಪ್ಪನ್ನೇ ಎಳೆಯುತ್ತದೆ. ಮೂರನೆಯದು ಸೈಡ್ ಗೇರಿನ ಒಳತೋಡಿನ ಅಂಚು, ಅದು ದುಂಡಗಾಗಿದ್ದರೆ ಹೊಸ ಕ್ಲಿಪ್ ಕೂಡ ಜಾರುತ್ತದೆ. ಟಾರ್ಚ್ ಬಿಟ್ಟು, ಬಾಗಿದ ತಂತಿಯ ತುದಿ ಆಡಿಸಿ ನೋಡಿದರೆ ಅಂಚು ಚೂಪಾಗಿದೆಯೇ ತಿಳಿಯುತ್ತದೆ.

ಸಿಲಿಕೋನ್ ಬಳಿಯುವುದು, ಸ್ಪ್ಲೈನ್ ಮೇಲೆ ಪಂಚ್ ಹೊಡೆದು ಬಿಗಿ ಮಾಡುವುದು ಇವೆರಡನ್ನೂ ಯಾರು ಹೇಳಿದರೂ ಮಾಡಬೇಡಿ. ತಿರುಗುವ ತುಟಿಗೆ ಸಿಲಿಕೋನ್ ನಿಲ್ಲುವುದಿಲ್ಲ, ಅದರ ಚೂರು ಆಯಿಲ್ ದಾರಿಗೆ ಸೇರುತ್ತದೆ. ಪಂಚ್ ಏಟಿಗೆ ಗಟ್ಟಿ ಮೇಲ್ಮೈ ಸೀಳುತ್ತದೆ.

---

ಹಿಂದಿನ_ಆಕ್ಸಲ್:

ಇದೇ ವಿಷಯದಲ್ಲಿ ಒಂದು ಪ್ರಶ್ನೆ. ಹಿಂಚಕ್ರ ಎಳೆಯುವ ಗಾಡಿಯಲ್ಲಿ, ಒಂದೇ ಕೊಳವೆಯ ಗಟ್ಟಿ ಆಕ್ಸಲ್‌ನಲ್ಲಿ ಶಾಫ್ಟ್ ಒಳಗೆ ಹೊರಗೆ ಆಡಿದರೆ ಇದೇ ಪರೀಕ್ಷೆಯೇ? ಬ್ರೇಕ್ ಡ್ರಮ್ಮಿನೊಳಗೆ ಆಯಿಲ್ ಬಂದಿದೆ.

---

ಟ್ಯಾಪರ್_ರೋಲರ್:

ಅಲ್ಲ, ಅಲ್ಲಿ ಕಥೆಯೇ ಬೇರೆ. ಅಪಾಯವೂ ಹೆಚ್ಚು, ಯಾಕೆಂದರೆ ಆ ಶಾಫ್ಟಿನ ತುದಿಯಲ್ಲೇ ಚಕ್ರ ಕೂತಿರುತ್ತದೆ. ಶಾಫ್ಟ್ ಹೊರಬಂದರೆ ಚಕ್ರ, ಡ್ರಮ್ ಸಮೇತ ಬರುತ್ತದೆ. ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿಯಿರಿ.

ಬ್ರೇಕ್ ಬ್ಯಾಕ್‌ಪ್ಲೇಟಿನ ಹಿಂದೆ ಕೊಳವೆಯ ತುದಿಗೆ ನಾಲ್ಕು ನಟ್ಟುಗಳಿದ್ದರೆ ಅದು ಪ್ರೆಸ್ ಮಾಡಿದ ಬೇರಿಂಗಿನ ಬಗೆ. ಬೇರಿಂಗನ್ನೂ ಅದರ ಹಿಂದೆ ಒಂದು ಉಕ್ಕಿನ ಬಳೆಯನ್ನೂ ಶಾಫ್ಟಿನ ಮೇಲೆ ಬಿಗಿಯಾಗಿ ಒತ್ತಿರುತ್ತಾರೆ. ಶಾಫ್ಟ್ ಹೊರಬರದಂತೆ ತಡೆಯುವುದು ಆ ಬಳೆ ಒಂದೇ. ಬೇರಿಂಗ್ ಬದಲಿಸಿದಾಗಲೆಲ್ಲ ಬಳೆಯೂ ಹೊಸದೇ ಆಗಬೇಕು. ಹಳೆಯದನ್ನು ಗ್ರೈಂಡರಿನಲ್ಲಿ ಮುಕ್ಕಾಲು ಆಳ ಕೊರೆದು ಉಳಿಯಿಂದ ಒಡೆಯಿರಿ, ಶಾಫ್ಟಿಗೆ ಗೀರು ಬೀಳಬಾರದು, ಆ ಗೀರಿನಿಂದಲೇ ಮುಂದೆ ಬಿರುಕು ಹೊರಡುತ್ತದೆ. ಹೊಸ ಬಳೆಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಒತ್ತುವ ಪದ್ಧತಿಯಿದೆ. ಕೈಯಿಂದ ತೂರಿಸಿದರೇ ತಣ್ಣಗೆ ಒಳಹೋಗುವ ಬಳೆ ಆ ಶಾಫ್ಟಿಗೆ ಆಗದು, ಶಾಫ್ಟ್ ಸವೆದಿರುತ್ತದೆ. ವೆಲ್ಡಿಂಗ್ ಚುಕ್ಕಿ ಇಟ್ಟು ನಿಲ್ಲಿಸುವವರಿದ್ದಾರೆ. ಶಾಫ್ಟಿನ ಹದ ಅಲ್ಲಿ ಕೆಡುತ್ತದೆ, ತುಂಡಾಗುವುದೂ ಅಲ್ಲೇ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ನಟ್ಟುಗಳಿಲ್ಲದೆ ಡಿಫ್ ಹಿಂದೆ ಮುಚ್ಚಳ ಮಾತ್ರ ಇದ್ದರೆ ಸಿ-ಕ್ಲಿಪ್ ಬಗೆ (ಶಾಫ್ಟಿನ ಒಳತುದಿಯನ್ನು ಸಿ ಆಕಾರದ ಕ್ಲಿಪ್ ಹಿಡಿದಿರುವುದು) ಇರಬಹುದು. ಮುಚ್ಚಳ ತೆಗೆದು, ಲಾಕ್ ಬೋಲ್ಟ್ ಬಿಚ್ಚಿ, ಅಡ್ಡ ಪಿನ್ ಎಳೆದು, ಶಾಫ್ಟನ್ನು ಒಳಕ್ಕೆ ದೂಡಿದರೆ ಕ್ಲಿಪ್ ಬೀಳುತ್ತದೆ. ಪಿನ್ ಹೊರಗಿರುವಾಗ ಶಾಫ್ಟ್ ತಿರುಗಿಸಬೇಡಿ, ಸ್ಪೈಡರ್ ಗೇರುಗಳು ಉರುಳಿ ಹೊರಬರುತ್ತವೆ. ಈ ಬಗೆಯಲ್ಲಿ ಹೊರಗಿನ ಬೇರಿಂಗಿನ ರೋಲರ್‌ಗಳು ನೇರವಾಗಿ ಶಾಫ್ಟಿನ ಮೇಲೇ ಉರುಳುತ್ತವೆ. ಆ ಜಾಗದಲ್ಲಿ ಗುಳಿ ಬಿದ್ದಿದ್ದರೆ ಹೊಸ ಬೇರಿಂಗ್ ಒಂದರಿಂದ ಏನೂ ಆಗದು, ಶಾಫ್ಟೂ ಬೇಕು. ಒಳಗೆ ಹೊರಗಿನ ಆಟ ಹೆಚ್ಚಿದ್ದರೆ ಶಾಫ್ಟಿನ ಒಳತುದಿ, ಕ್ಲಿಪ್, ಅಡ್ಡ ಪಿನ್ ಈ ಮೂರರ ಸವೆತ ನೋಡಿ.

ಡ್ರಮ್ಮಿಗೆ ಬಂದದ್ದು ಗೇರ್ ಆಯಿಲ್ಲೇ ಎಂದು ವಾಸನೆಯಿಂದ ಖಚಿತಪಡಿಸಿಕೊಳ್ಳಿ, ವೀಲ್ ಸಿಲಿಂಡರಿನ ಬ್ರೇಕ್ ದ್ರವವೂ ಆಗಿರಬಹುದು. ಗೇರ್ ಆಯಿಲ್ ಆದರೆ ಆಕ್ಸಲ್ ಮೇಲಿನ ಉಸಿರುಗೊಳವೆ ಮಣ್ಣು ಕಟ್ಟಿದೆಯೇ ನೋಡಿ. ಅದು ಕಟ್ಟಿದರೆ ಬಿಸಿಗೆ ಒಳಗಿನ ಒತ್ತಡ ಏರಿ ಒಳ್ಳೆ ಸೀಲೂ ಸೋರುತ್ತದೆ. ನೆನೆದ ಬ್ರೇಕ್ ಶೂಗಳನ್ನು ತೊಳೆದು ಬಳಸಬೇಡಿ, ಎರಡೂ ಬದಿ ಜೊತೆಯಾಗಿ ಬದಲಿಸಿ.

---

ಕ್ಲಚ್_ಕೇಬಲ್:

ಬಿಚ್ಚಿ ಅಳೆದದ್ದು: ಸೀಲಿನ ತುಟಿ ಉಜ್ಜುವ ಪಟ್ಟಿಯಲ್ಲಿ ಉಗುರು ನಿಲ್ಲುವಷ್ಟು ತೋಡು ಇದೆ. ಆ ಪಟ್ಟಿಯ ಒಳಭಾಗದ ವ್ಯಾಸ ಉಜ್ಜದ ಜಾಗಕ್ಕಿಂತ 0.35 ಮಿ.ಮೀ. ಕಡಿಮೆ. ಡಯಲ್ ಗೇಜಿನಲ್ಲಿ ಹಳೆ ಕಪ್ಪಿಗೆ 0.9, ಹೊಸದಕ್ಕೆ 0.5, ಬಲಗಡೆ 0.4. ಮ್ಯಾಗ್ನೆಟ್ ಮೇಲೆ ನುಣುಪು ಕೆಸರು ಮಾತ್ರ. ಇಳಿದ ಆಯಿಲ್ 1.6 ಲೀಟರ್, ಇರಬೇಕಾದದ್ದು 2.1. "ಟಕ್" ಬಂದದ್ದು ಟ್ರೈಪಾಡ್‌ನಿಂದ, ಕಪ್ಪಿನ ಒಳದಾರಿಯಲ್ಲಿ ಗುಳಿ ಕಾಣುತ್ತದೆ. ಹೊಸ ಶಾಫ್ಟ್, ಹೊಸ ಸೀಲ್ ಹಾಕುತ್ತಿದ್ದೇನೆ. ಸೀಲ್ ಎಷ್ಟು ಆಳಕ್ಕೆ?

---

ಸೈಡ್_ಗೇರ್:

ಈ ಅಳತೆಗಳ ಪ್ರಕಾರ ಡಿಫ್ ಚೆನ್ನಾಗಿದೆ, ಸವೆದದ್ದು ಶಾಫ್ಟ್. ಹೊಸ ಶಾಫ್ಟ್ ಆದ್ದರಿಂದ ಸೀಲನ್ನು ಮೊದಲಿದ್ದ ಆಳಕ್ಕೇ ಹೊಡೆಯಿರಿ. ಹಳೆ ಶಾಫ್ಟ್ ಉಳಿಸಿಕೊಳ್ಳುವವರು ತುಟಿ ತೋಡು ಬಿಟ್ಟು ಹೊಸ ಜಾಗದಲ್ಲಿ ಕೂರಲಿ ಎಂದು ಒಂದೆರಡು ಮಿ.ಮೀ. ಆಚೀಚೆ ಮಾಡುತ್ತಾರೆ, ನಿಮಗೆ ಅದು ಬೇಡ. ಸೀಲಿನ ಹೊರವ್ಯಾಸಕ್ಕೆ ಹೊಂದುವ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ. ತುಟಿಯ ಹಿಂದಿನ ಸಣ್ಣ ಸುರುಳಿ ಸ್ಪ್ರಿಂಗ್ ಏಟಿಗೆ ಹಾರಿಬೀಳುತ್ತದೆ, ಅದರ ತೋಡಿಗೆ ಗ್ರೀಸ್ ತುಂಬಿದರೆ ನಿಲ್ಲುತ್ತದೆ. ಸೀಲಿಗೆ ಎಡ ಬಲ ಗುರುತು, ತಿರುಗುವ ದಿಕ್ಕಿನ ಬಾಣ ಇರಬಹುದು. ತುಟಿಯಲ್ಲಿ ಓರೆ ಗೆರೆಗಳಿದ್ದರೆ ಎಡದ ಸೀಲ್ ಬಲಕ್ಕೆ ಹಾಕಿದಾಗ ಅದೇ ಆಯಿಲನ್ನು ಹೊರಗೆ ಪಂಪ್ ಮಾಡುತ್ತದೆ. ಹಿಂದಿನ ಸಲ ತೆಗೆದ ಸೀಲಿನಲ್ಲೂ ಇದನ್ನೊಮ್ಮೆ ನೋಡಿ.

ಅರ್ಧ ಲೀಟರ್ ಕಡಿಮೆ ಇದ್ದದ್ದು ಸಣ್ಣ ಮಾತಲ್ಲ. ಡ್ರೇನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಮ್ಯಾನ್ಯುಯಲ್‌ನಲ್ಲಿರುವ ದರ್ಜೆಯನ್ನೇ ತುಂಬಿ. ಜಿಎಲ್-4 ಎಂದಿದ್ದರೆ "ಜಿಎಲ್-5 ಇನ್ನೂ ಮೇಲಿನದು" ಎಂದು ಅದನ್ನು ಹಾಕಬೇಡಿ, ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ (ಗೇರ್ ಸರಾಗವಾಗಿ ಬೀಳಲು ನೆರವಾಗುವ ಬಳೆಗಳು) ಅದು ಒಗ್ಗದಿರಬಹುದು. ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ರಂಧ್ರದ ಕೆಳಅಂಚಿನಿಂದ ಹೊರಚೆಲ್ಲುವವರೆಗೆ ತುಂಬಿ. ಸೀಲ್ ಸುತ್ತ ಒರೆಸಿ ಒಣಗಿಸಿ, ನೂರು ಕಿ.ಮೀ. ಓಡಿದ ಮೇಲೆ ಬೆರಳಿನಲ್ಲಿ ಮುಟ್ಟಿ ನೋಡಿ. ಮೊದಲ ದಿನ ತುಟಿಗೆ ಸವರಿದ ಗ್ರೀಸ್ ಕರಗಿ ತೆಳುವಾದ ಪಸೆ ಕಾಣಿಸುತ್ತದೆ, ಒರೆಸಿದ ಮೇಲೆ ಮರಳಿ ಬರದಿದ್ದರೆ ಸರಿ.